ಟೆನ್ಶನ್‌ಗೆ ಅಶ್ವಗಂಧವೋ, ತುಳಸಿಯೋ, ಬ್ರಾಹ್ಮಿಯೋ?

ಡೊಂಬಿವಲಿಯಿಂದ ದಿನಾ ಲೋಕಲ್ ಹಿಡಿದು ಆಫೀಸಿಗೆ ಓಡುವ ನಮ್ಮ ಬಳಗದ ಹುಡುಗಿ ಕೇಳಿದಳು: "ಅಕ್ಕಾ, ಮೂರರಲ್ಲಿ ಯಾವುದು ತಗೊಳ್ಲಿ?"

ಪರೀಕ್ಷೆಯ ಲೆಕ್ಕದಲ್ಲಿ ಅಶ್ವಗಂಧ ಮುಂದಿದೆ. 2012ರಲ್ಲಿ ಪ್ರಕಟವಾದ ಭಾರತದ ಪ್ರಯೋಗವೊಂದರಲ್ಲಿ 64 ಜನರಿದ್ದರು. ಅರ್ಧ ಜನರಿಗೆ ಬೇರಿನ ಸಾರ, 300 ಮಿಲಿಗ್ರಾಂ, ದಿನಕ್ಕೆ ಎರಡು ಸಲ, 60 ದಿನ. ಉಳಿದವರಿಗೆ ಔಷಧಿಯಿಲ್ಲದ ಸುಮ್ನೆ ಮಾತ್ರೆ. ಯಾರಿಗೆ ಯಾವುದು ಅಂತ ಯಾರಿಗೂ ಹೇಳಿರಲಿಲ್ಲ. ಸಾರ ತಗೊಂಡವರಲ್ಲಿ ಒತ್ತಡದ ಅಂಕವೂ, ಒತ್ತಡದ ಹಾರ್ಮೋನಾದ ಕಾರ್ಟಿಸಾಲೂ ಜಾಸ್ತಿ ಇಳಿದವು. ಆದರೆ 60 ದಿನದ ಪರೀಕ್ಷೆ ವರ್ಷಗಟ್ಟಲೆ ನುಂಗುವವರಿಗೆ ಉತ್ತರ ಕೊಡುವುದಿಲ್ಲ, ಅಲ್ವಾ?

ತುಳಸಿಗೂ 2022ರಲ್ಲಿ 100 ಜನರ, 8 ವಾರದ ಪ್ರಯೋಗ ಆಗಿದೆ, ಫಲ ಚೆನ್ನಾಗಿತ್ತು. ಆದರೆ ಅದು ಸಾರದ ಮಾತ್ರೆ, ಬಾಲ್ಕನಿಯ ಕುಂಡದ ನಾಲ್ಕು ಎಲೆಯಲ್ಲ. ಬ್ರಾಹ್ಮಿಯ ಪರೀಕ್ಷೆಗಳು ಹೆಚ್ಚಾಗಿ ನೆನಪಿನ ಶಕ್ತಿಯದ್ದು. ಇನ್ನೊಂದು ಗೋಜಲು: ನಮ್ಮಲ್ಲಿ ಕೆಲವರು ಒಂದೆಲಗವನ್ನೂ ಬ್ರಾಹ್ಮಿ ಎನ್ನುತ್ತಾರೆ. ಡಬ್ಬಿಯ ಮೇಲೆ ಸಸ್ಯದ ಹೆಸರು ನೋಡಿಕೊಳ್ಳಿ.

ಖರ್ಚಿನಲ್ಲಿ ತುಳಸಿ ಕಷಾಯವೇ ಅಗ್ಗ.

ತೊಂದರೆ? ಅಶ್ವಗಂಧದಿಂದ ಅಪರೂಪಕ್ಕೆ ಲಿವರ್ ಕೆಟ್ಟದ್ದು ವರದಿಯಾಗಿದೆ. ಥೈರಾಯ್ಡ್ ಮಾತ್ರೆ ನುಂಗುವವರು, ಬಸುರಿಯರು ಅದರ ತಂಟೆಗೆ ಹೋಗಬೇಡಿ. ಬ್ರಾಹ್ಮಿ ಕೆಲವರ ಹೊಟ್ಟೆ ಕೆಡಿಸುತ್ತದೆ.

ಬೇರೆ ಕಾಯಿಲೆಯಿಲ್ಲದೆ, ಟೆನ್ಶನ್ ಜೊತೆ ನಿದ್ದೆಯೂ ಸರಿಯಿಲ್ಲದಿದ್ದರೆ ಡಾಕ್ಟರನ್ನು ಕೇಳಿ ಎರಡು ತಿಂಗಳು ಅಶ್ವಗಂಧ ನೋಡಬಹುದು. ಮಾತ್ರೆಯೇ ಬೇಡ ಎನ್ನುವವರಿಗೆ ತುಳಸಿ ಕಷಾಯ. ಓದಿದ್ದು ನೆನಪಲ್ಲಿ ನಿಲ್ಲದಿದ್ದರೆ ಬ್ರಾಹ್ಮಿ, ಅದೂ ಊಟದ ಜೊತೆ, ಮೂರು ತಿಂಗಳ ತಾಳ್ಮೆಯಿದ್ದರೆ.