ಅಕ್ಕನ ಫೋನಿನಲ್ಲಿ ಟಾಕ್‌ಬ್ಯಾಕ್: ಮೂರು ವರ್ಷಕ್ಕೂ ಜಾಸ್ತಿ ಬಳಸಿದ ಮೇಲೆ

ಟಾಕ್‌ಬ್ಯಾಕ್ ಅಂದರೆ ಪರದೆಯಲ್ಲಿ ಇರುವುದನ್ನು ಕಣ್ಣು ಕಾಣದವರಿಗೆ ಓದಿ ಹೇಳುವ ಆಂಡ್ರಾಯ್ಡ್ ಸೌಲಭ್ಯ. ಮೊದಲೇ ಹೇಳಿಬಿಡುತ್ತೇನೆ, ಅದಕ್ಕೆ 5ಕ್ಕೆ 4 ಕೊಡುತ್ತೇನೆ. ಆ ಒಂದು ಅಂಕ ಹೋಗಿದ್ದಕ್ಕೆ ಟಾಕ್‌ಬ್ಯಾಕ್‌ಗಿಂತ ಬೇರೆ ಆ್ಯಪ್ ಮಾಡುವವರದ್ದೇ ತಪ್ಪು ಜಾಸ್ತಿ.

ನಾವು ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ನಾನು ಪುಣೆಯ ಹಡಪಸರದಲ್ಲಿದ್ದೇನೆ, ಅಕ್ಕ ಉರುಳಿ ಕಾಂಚನ ಹತ್ತಿರದ ಒಂದು ಹಳ್ಳಿಯಲ್ಲಿ. ಭಾವ ಅಲ್ಲಿ ನರ್ಸರಿ ಕೆಲಸಕ್ಕೆ ಹೋಗುತ್ತಾರೆ. ಅಕ್ಕನಿಗೆ ಚಿಕ್ಕಂದಿನಿಂದ ಕಣ್ಣು ಕಾಣುವುದಿಲ್ಲ. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಮಾರುತ್ತಾಳೆ. ಕೈ ರುಚಿ ಮೊದಲಿಂದಲೂ ಇತ್ತು, ಆದರೆ ಆರ್ಡರ್ ಬಂದಿದ್ದು, ದುಡ್ಡು ಬಂದಿದ್ದು ಎಲ್ಲ ಬೇರೆಯವರು ಓದಿ ಹೇಳಬೇಕಿತ್ತು. ಅವರು ಎಷ್ಟು ಹೇಳಿದರೋ ಅಷ್ಟೇ.

ಟಾಕ್‌ಬ್ಯಾಕ್‌ಗೆ ದುಡ್ಡು ಕೊಡಬೇಕಿಲ್ಲ, ಆಂಡ್ರಾಯ್ಡ್ ಫೋನ್‌ನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಒಳಗೆ ಸಿಗುತ್ತದೆ. ಆನ್ ಮಾಡಿದ ಮೇಲೆ ಬೆರಳು ಎಲ್ಲಿಟ್ಟರೂ ಅಲ್ಲಿ ಏನಿದೆ ಅಂತ ಓದುತ್ತದೆ, ಎರಡು ಸಲ ತಟ್ಟಿದರೆ ಮಾತ್ರ ತೆರೆಯುತ್ತದೆ. ಬಲಕ್ಕೆ ಸವರಿದರೆ ಮುಂದಿನದು, ಎಡಕ್ಕೆ ಸವರಿದರೆ ಹಿಂದಿನದು. ಇಷ್ಟು ಕೈಗೆ ಹತ್ತಲಿಕ್ಕೆ ಅಕ್ಕನಿಗೆ ವಾರಗಳೇ ಬೇಕಾದವು. ಪಕ್ಕದಲ್ಲಿ ಕೂತು, ಅವಳ ಬೆರಳು ಹಿಡಿದು ಎಳೆಯದೆ, ಬಾಯಲ್ಲೇ ಹೇಳಿಕೊಡುವವರು ಒಬ್ಬರು ಇರಲೇಬೇಕು. ನಾವು ಫೋನ್ ಕಸಿದುಕೊಂಡು ಮಾಡಿಕೊಟ್ಟರೆ ಅವರು ಕಲಿಯುವುದೇ ಇಲ್ಲ.

ಇನ್ನು ಭಾಷೆ. ಕನ್ನಡ ಧ್ವನಿಯನ್ನು ಒಮ್ಮೆ ವೈಫೈಯಲ್ಲಿ ಇಳಿಸಿಕೊಂಡರೆ ಸಾಕು, ಆಮೇಲೆ ನೆಟ್‌ವರ್ಕ್ ಹೋದರೂ ಓದುತ್ತದೆ. ಹಳ್ಳಿಯಲ್ಲಿ ಇದು ದೊಡ್ಡ ಅನುಕೂಲ. ಗಿರಾಕಿಗಳು ಮರಾಠಿಯಲ್ಲಿ ಬರೆಯುತ್ತಾರೆ, ಅದಕ್ಕೆ ಮರಾಠಿ ಧ್ವನಿಯನ್ನೂ ಹಾಕಿಕೊಂಡಿದ್ದೇವೆ. ಮೆಸೇಜ್ ಬಂದಾಗ ಅಕ್ಕ ತಾನೇ ಭಾಷೆ ಬದಲಿಸುತ್ತಾಳೆ. ತೊಂದರೆ ಆಗುವುದು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕಳಿಸುವ ನಮ್ಮವರಿಂದಲೇ. ಅದನ್ನು ಓದಿಸಿದರೆ ಒಂದು ಪದವೂ ಅರ್ಥ ಆಗುವುದಿಲ್ಲ. ಈಗ ಎಲ್ಲರಿಗೂ ಹೇಳಿದ್ದೇವೆ, ಕನ್ನಡ ಲಿಪಿಯಲ್ಲಿ ಬರೆಯಿರಿ, ಇಲ್ಲ ವಾಯ್ಸ್ ಮೆಸೇಜ್ ಕಳಿಸಿ. ಕೀಬೋರ್ಡ್‌ನಲ್ಲಿ ಒತ್ತಕ್ಷರ ಹುಡುಕುವುದು ಅವಳಿಗೆ ಕಷ್ಟ, ಗೂಗಲ್‌ನ ಕೀಬೋರ್ಡ್ ಆದ ಜಿಬೋರ್ಡ್‌ನ ಮೈಕ್ ಒತ್ತಿ ಕನ್ನಡದಲ್ಲೇ ಮಾತಾಡುತ್ತಾಳೆ.

ಆದರೆ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಗುಟ್ಟು. ಕಣ್ಣು ಕಾಣದ ಹೆಣ್ಣುಮಗಳಿಗೆ ತನ್ನದು ಅಂತ ಒಂದು ಮಾತನ್ನಾದರೂ ಮುಚ್ಚಿಡಲು ಎಲ್ಲಿ ಆಗುತ್ತಿತ್ತು? ತವರಿನಿಂದ ಬಂದ ಮೆಸೇಜೂ ಇನ್ನೊಬ್ಬರ ಬಾಯಿಂದಲೇ ಕೇಳಬೇಕು, ಬ್ಯಾಂಕಿನ ಮೆಸೇಜೂ ಅಷ್ಟೇ. ಈಗ ಒಂದು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ತಾನೇ ಕೇಳುತ್ತಾಳೆ. ಪರದೆ ಕಾಣದ ಹಾಗೆ ಮಾಡುವ ಆಯ್ಕೆಯೂ ಇದೆ, ಅದನ್ನು ಹಾಕಿದರೆ ಪಕ್ಕದವರು ಇಣುಕಿದರೂ ಏನೂ ಕಾಣದು. "ನನ್ನ ರೊಕ್ಕ ಎಷ್ಟೈತಿ ಅಂತ ಇನ್ನ ಯಾರನ್ನೂ ಕೇಳಂಗಿಲ್ಲ" ಅಂತ ಫೋನ್ ಮಾಡಿ ಹೇಳಿದ್ದಳು. ಕೈಗೆ ಕೊಡುವ ನೋಟು ಗುರುತಿಸಲು ರಿಸರ್ವ್ ಬ್ಯಾಂಕಿನ ಮಣಿ ಆ್ಯಪ್ ಇದೆ, 2020ರ ಜನವರಿಯಲ್ಲಿ ಬಂದದ್ದು, ನೆಟ್ ಬೇಡ.

ಇನ್ನು ಸಿಟ್ಟು ಬರಿಸುವ ಸಂಗತಿ. ಎಷ್ಟೋ ಆ್ಯಪ್‌ಗಳಲ್ಲಿ ಟಾಕ್‌ಬ್ಯಾಕ್ ಬರೀ "ಬಟನ್" ಅನ್ನುತ್ತದೆ, ಯಾವ ಬಟನ್ ಅಂತ ಹೇಳುವುದಿಲ್ಲ, ಯಾಕೆಂದರೆ ಆ್ಯಪ್ ಮಾಡಿದವರು ಅದಕ್ಕೆ ಹೆಸರೇ ಕೊಟ್ಟಿರುವುದಿಲ್ಲ. ಬೇಕಾದರೆ ನಾವೇ ಹೆಸರು ಹಾಕಬಹುದು, ಆದರೆ ಅದಕ್ಕೂ ಕಣ್ಣಿರುವವರು ಬೇಕಲ್ವಾ? ಒಂದು ಬ್ಯಾಂಕಿನ ಕೆವೈಸಿಯಲ್ಲಿ, ಅಂದರೆ ಗಿರಾಕಿ ಯಾರು ಅಂತ ಗುರುತು ಖಚಿತ ಮಾಡಿಕೊಳ್ಳುವಾಗ, ಮುಖವನ್ನು ವೃತ್ತದೊಳಗೆ ತನ್ನಿ ಅಂತ ಬಂತು, ಎಡಕ್ಕೋ ಬಲಕ್ಕೋ ಅಂತ ಧ್ವನಿಯಲ್ಲಿ ಹೇಳುವುದೇ ಇಲ್ಲ. ಅಕ್ಕ ಸುಸ್ತಾಗಿ ಫೋನ್ ಕೆಳಗಿಟ್ಟಳು. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಇದೇ ವಿಷಯದಲ್ಲಿ ತೀರ್ಪು ಕೊಟ್ಟಿದೆ. ಡಿಜಿಟಲ್ ಸೇವೆ ಎಲ್ಲರ ಕೈಗೆ ಸಿಗುವುದು ಬದುಕುವ ಹಕ್ಕಿನ ಭಾಗ, ಕೆವೈಸಿಯನ್ನು ಅಂಗವಿಕಲರಿಗೂ ಆಗುವಂತೆ ಬದಲಿಸಿ ಅಂದಿದೆ. ಬ್ಯಾಂಕಿನವರಿಗೆ ದೂರು ಬರೆಯುವಾಗ ಇದನ್ನು ಸೇರಿಸಿ ಬರೆಯಿರಿ.

ಕಲಿಸುವ ವ್ಯವಸ್ಥೆ ಬಗ್ಗೆಯೂ ಹೇಳಬೇಕು. 2011ರ ಜನಗಣತಿಯಲ್ಲಿ 2.68 ಕೋಟಿ ಅಂಗವಿಕಲರಿದ್ದರು, ಅದರಲ್ಲಿ 1.86 ಕೋಟಿ ಜನ ಹಳ್ಳಿಯವರು. 2017ರಲ್ಲಿ ಹಳ್ಳಿಯವರಿಗೆ ಡಿಜಿಟಲ್ ಸಾಕ್ಷರತೆ ಅಂತ ಕೇಂದ್ರದ ಯೋಜನೆ ಬಂತು, ಮನೆಗೆ ಒಬ್ಬರಿಗೆ 20 ಗಂಟೆ ತರಬೇತಿ. ಮಹಿಳೆಯರಿಗೆ, ಅಂಗವಿಕಲರಿಗೆ ಆದ್ಯತೆ ಅಂತ ಬರೆದಿತ್ತು ನಿಜ. ಆದರೆ ಮನೆಗೆ ಒಬ್ಬರೇ ಅಂದರೆ ಯಾರನ್ನು ಕಳಿಸುತ್ತಾರೆ ಹೇಳಿ, ಕಣ್ಣು ಕಾಣದ ಸೊಸೆಯನ್ನಾ? ಹೋದರೂ ಪರದೆ ನೋಡಿ ಕಲಿಯುವ ಪಾಠದಿಂದ ಅವರಿಗೆ ಉಪಯೋಗವಿಲ್ಲ. ಟಾಕ್‌ಬ್ಯಾಕ್ ಗೊತ್ತಿರುವ, ತಾವೇ ಬಳಸುವ ಹೆಣ್ಣುಮಕ್ಕಳನ್ನೇ ಶಿಕ್ಷಕಿಯರನ್ನಾಗಿ ನೇಮಿಸಬೇಕು. ಅಕ್ಕ ಈಗ ಪಕ್ಕದ ಊರಿನ ಒಬ್ಬ ಹುಡುಗಿಗೆ ಫೋನಿನಲ್ಲೇ ಹೇಳಿಕೊಡುತ್ತಿದ್ದಾಳೆ, ನನಗಿಂತ ಚೆನ್ನಾಗಿ.

ನಿಮ್ಮ ಮನೆಯವರಿಗೆ ಫೋನ್ ಕೊಡಿಸುವುದಾದರೆ ರ‍್ಯಾಮ್ ತೀರಾ ಕಮ್ಮಿ ಇರುವುದು ಬೇಡ, ಧ್ವನಿ ತಡವಾಗಿ ಬಂದು ತಲೆಕೆಡುತ್ತದೆ. ಎರಡೂ ವಾಲ್ಯೂಮ್ ಬಟನ್ ಒಟ್ಟಿಗೆ ಒತ್ತಿ ಹಿಡಿದರೆ ಟಾಕ್‌ಬ್ಯಾಕ್ ಆನ್ ಆಗುವಂತೆ ಶಾರ್ಟ್‌ಕಟ್ ಹಾಕಿಕೊಡಿ. ಸಿಮ್ ಅವರ ಹೆಸರಿನಲ್ಲೇ ಇರಲಿ, ಬ್ಯಾಂಕಿಗೂ ಅದೇ ನಂಬರ್ ಕೊಡಿ. ಇಲ್ಲದಿದ್ದರೆ ಓಟಿಪಿ ಹೋಗುವುದು ಮತ್ತೆ ಬೇರೆಯವರ ಕೈಗೇ.