ಫಾರ್ಸ್ಟರ್ ಅಲ್ಟ್ರಾ ಮೈಕ್ರೋಮೀಟರ್ ಸೀಟಿಂಗ್ ಡೈ: ಎರಡು ವರ್ಷ ಬಳಸಿದ ಮೇಲೆ

ರೇಂಜಿನಲ್ಲಿ ಹೊಡೆದು ಖಾಲಿಯಾದ .308 ವಿಂಚೆಸ್ಟರ್ ರೈಫಲ್ ತೋಟಾದ ಹಿತ್ತಾಳೆ ಕೇಸುಗಳನ್ನು ಮನೆಗೆ ತಂದು, ಮದ್ದಿಗೆ ಕಿಡಿ ಕೊಡುವ ಹೊಸ ಪ್ರೈಮರ್, ಮದ್ದು, ಗುಂಡು ಸೇರಿಸಿ ಮತ್ತೆ ತೋಟಾ ಮಾಡಿಕೊಳ್ಳುವುದು ಟೆಕ್ಸಾಸ್‌ಗೆ ಬಂದ ಮೇಲೆ ನನಗೆ ಅಂಟಿಕೊಂಡ ಹವ್ಯಾಸ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲವಾದ್ದರಿಂದ, ಈ ವಿಮರ್ಶೆ ಅಮೆರಿಕದಲ್ಲಿದ್ದು ಇದೇ ಹುಚ್ಚು ಹತ್ತಿಸಿಕೊಂಡ ಕನ್ನಡಿಗರಿಗೆ ಮಾತ್ರ.

ಕೆಲಸದ ಕೊನೆಯ ಹಂತವೆಂದರೆ ಗುಂಡನ್ನು ಕೇಸಿನ ಕುತ್ತಿಗೆಯಲ್ಲಿ ಪ್ರತಿ ಸಲವೂ ಒಂದೇ ಆಳಕ್ಕೆ ಕೂರಿಸುವುದು. ಪ್ರೆಸ್ ಎಂಬ ಒತ್ತುಯಂತ್ರಕ್ಕೆ ಸಿಕ್ಕಿಸಿ ಈ ಕೆಲಸ ಮಾಡಿಸುವ ಅಚ್ಚೇ ಸೀಟಿಂಗ್ ಡೈ. ಆಳ ಹೆಚ್ಚಾದರೆ ಕೇಸಿನೊಳಗಿನ ಜಾಗ ಕುಗ್ಗಿ ಒತ್ತಡ ಏರುತ್ತದೆ. ತೀರಾ ಕಡಿಮೆಯಾದರೆ ಗುಂಡು ನಳಿಗೆಯ ಒಳಗೆರೆಗಳಿಗೆ ತಾಗಿ ಆಗಲೂ ಒತ್ತಡ ಏರುತ್ತದೆ. ಮೊದಲು ನನ್ನ ಬಳಿಯಿದ್ದ ಸಾಧಾರಣ ಡೈಯ ಸ್ಕ್ರೂವನ್ನು ಅಂದಾಜಿನ ಮೇಲೆ ತಿರುಗಿಸಿ ಮಾಡಿದ ತೋಟಾವೊಂದನ್ನು ಹೊಡೆಯದೆ ಹೊರತೆಗೆಯಲು ಹೋದಾಗ, ಗುಂಡು ನಳಿಗೆಯಲ್ಲೇ ಕಚ್ಚಿಕೊಂಡು ಉಳಿದು, ಮದ್ದೆಲ್ಲ ಬೋಲ್ಟಿನ ಸಂದಿಗೆ ಚೆಲ್ಲಿತು. ತಪ್ಪು ಡೈಯದಲ್ಲ, ನನ್ನದು. ಆದರೂ ಅಳತೆ ಕಣ್ಣಿಗೆ ಕಾಣುವ ಸಾಧನ ಬೇಕೆಂದು ಅನ್ನಿಸಿದ್ದು ಅಂದೇ.

ಇಲಿನಾಯ್‌ನ ಲನಾರ್ಕ್ ಊರಿನ ಫಾರ್ಸ್ಟರ್ ಕಂಪನಿಯ ಈ ಡೈಯ ತಲೆಯ ಮೇಲೆ ಮೈಕ್ರೋಮೀಟರ್ ಇದೆ. ಒಂದು ಗೆರೆ ತಿರುಗಿಸಿದರೆ ಗುಂಡನ್ನು ಒತ್ತುವ ಕಡ್ಡಿ, ಅಂದರೆ ಸ್ಟೆಮ್, ಇಂಚಿನ ಒಂದು ಸಾವಿರಾಂಶದಷ್ಟು ಸರಿಯುತ್ತದೆ. ಆದರೆ ನಾನು ಹಣ ಕೊಟ್ಟದ್ದಕ್ಕೆ ನಿಜವಾದ ಪ್ರತಿಫಲ ಸಿಕ್ಕಿದ್ದು ಒಳಗಿನ, ಕೊಳವೆಯಂಥ ಸ್ಪ್ರಿಂಗ್ ತೋಳಿನಿಂದ. ಪ್ರೆಸ್ಸಿನ ಹಿಡಿ ಇಳಿಸುತ್ತಿದ್ದಂತೆ ಆ ತೋಳು ಮೊದಲು ಕೇಸಿನ ಮೈಯನ್ನೂ ಕುತ್ತಿಗೆಯನ್ನೂ ಸುತ್ತುವರಿದು, ಗುಂಡನ್ನು ಅದರ ನೇರಕ್ಕೆ ನಿಲ್ಲಿಸುತ್ತದೆ, ಆಮೇಲಷ್ಟೇ ಸ್ಟೆಮ್ ಗುಂಡನ್ನು ಒಳಕ್ಕೆ ತಳ್ಳುತ್ತದೆ. ಸಾಧಾರಣ ಡೈಯಲ್ಲಿ ಗುಂಡು ವಾಲಿಕೊಂಡೇ ಒಳಹೋಗುವ ಸಾಧ್ಯತೆ ಹೆಚ್ಚು. ಇಲ್ಲಿ ಆ ಅವಕಾಶ ಬಹಳ ಕಡಿಮೆ.

ಹೊಸ ಡೈ ಬಂದ ಮೊದಲ ವಾರ ಮಾತ್ರ ನಿರಾಶೆಯೇ ಆಯಿತು. ಸಿಯೆರಾದ 168 ಗ್ರೇನ್ ತೂಕದ ಮ್ಯಾಚ್‌ಕಿಂಗ್ ಗುಂಡು ಕೂರಿಸಿದ ಐದು ತೋಟಾಗಳನ್ನು ಕ್ಯಾಲಿಪರ್‌ನಲ್ಲಿ ಬುಡದಿಂದ ತುದಿಯವರೆಗೆ ಅಳೆದರೆ ಆರೇಳು ಸಾವಿರಾಂಶದ ಏರುಪೇರು ಕಂಡಿತು. ತುದಿಯನ್ನು ಬಿಟ್ಟು, ಗುಂಡಿನ ಹೆಗಲು ಬಾಗುವ ಓಜೈವ್ ಜಾಗದಿಂದ ಅಳೆಯಲು ಕ್ಯಾಲಿಪರ್‌ಗೆ ಸಿಕ್ಕಿಸುವ ಕಂಪ್ಯಾರೇಟರ್ ಹಾಕಿ ಅಳೆದಾಗ ಅದೇ ಐದರಲ್ಲಿ ವ್ಯತ್ಯಾಸ ಎರಡು ಸಾವಿರಾಂಶಕ್ಕೆ ಇಳಿಯಿತು. ಈ ಗುಂಡುಗಳ ಟೊಳ್ಳು ತುದಿ ಒಂದರಂತೆ ಒಂದಿರುವುದಿಲ್ಲ. ಸ್ಟೆಮ್ ಒತ್ತುವುದಾದರೂ ತುದಿಗಿಂತ ಕೆಳಗೆ. ಕ್ಯಾಲಿಪರ್ ಸುಳ್ಳು ಹೇಳಿರಲಿಲ್ಲ, ನಾನು ಅಳೆಯುವ ಜಾಗ ತಪ್ಪಾಗಿತ್ತು. .308ಕ್ಕೆ ಅಮೆರಿಕದ ಬಂದೂಕು, ಮದ್ದುಗುಂಡು ತಯಾರಕರ ಮಾನದಂಡ ಸಂಸ್ಥೆಯಾದ ಸಾಮಿ ಗೊತ್ತುಮಾಡಿರುವ 2.810 ಇಂಚಿನ ಗರಿಷ್ಠ ಉದ್ದ ಮ್ಯಾಗಜೀನಿಗೆ ಹೊಂದುವುದಕ್ಕೆ ಮುಖ್ಯವೇ ಹೊರತು, ಆಳದ ಏಕರೂಪತೆಯನ್ನು ಅದರಿಂದ ನಿರ್ಣಯಿಸಲಾಗದು.

ಉಳಿದ ಏರುಪೇರಿಗೂ ಡೈಗೂ ಅಷ್ಟಾಗಿ ಸಂಬಂಧವಿರಲಿಲ್ಲ. ಒಂದೆರಡು ಸಲ ಹೊಡೆದ ಕೇಸುಗಳನ್ನೂ ಏಳೆಂಟು ಸಲ ಹೊಡೆದು ಹಿತ್ತಾಳೆ ಗಡಸಾದವನ್ನೂ ಬೆರೆಸಿದ್ದರಿಂದ, ಕೆಲವು ಕುತ್ತಿಗೆಗಳು ಗುಂಡನ್ನು ಬಿಗಿಯಾಗಿ, ಕೆಲವು ಸಡಿಲವಾಗಿ ಹಿಡಿಯುತ್ತಿದ್ದವು. ಸಾಲದ್ದಕ್ಕೆ ಸ್ಟೀಲ್ ಪಿನ್ನುಗಳ ಜೊತೆ ನೀರಿನಲ್ಲಿ ಉರುಳಿಸಿ ಕೇಸುಗಳನ್ನು ಮಿರಮಿರನೆ ತೊಳೆದಿದ್ದೆ. ಮಸಿ ಪೂರಾ ಹೋದ ಒಣ ಕುತ್ತಿಗೆಯಲ್ಲಿ ಗುಂಡು ಕಿರ್ರೆನ್ನುತ್ತ ಇಳಿಯುವುದು ಹಿಡಿಯ ಮೇಲಿನ ಅಂಗೈಗೇ ತಿಳಿಯುತ್ತಿತ್ತು. ಹೊಡೆದ ಲೆಕ್ಕದಂತೆ ಕೇಸುಗಳನ್ನು ಬೇರ್ಪಡಿಸಿ, ಕುತ್ತಿಗೆಯೊಳಗೆ ಗ್ರಾಫೈಟ್ ಪುಡಿಯಲ್ಲಿ ಅದ್ದಿದ ಬ್ರಷ್ಷು ಆಡಿಸಲು ಶುರುಮಾಡಿದ ಮೇಲೆ ಹಿಡಿ ಪ್ರತಿ ಸಲವೂ ಒಂದೇ ಹದದಲ್ಲಿ ಇಳಿಯತೊಡಗಿತು, ಓಜೈವ್ ಅಳತೆಯೂ ಹೆಚ್ಚುಕಡಿಮೆ ಒಂದೇ ಗೆರೆಗೆ ಬಂತು. ಹಿಡಿಯನ್ನು ಕೊನೆಯವರೆಗೆ ಎಳೆದು ಅಲ್ಲೇ ಒಂದು ಕ್ಷಣ ತಡೆಯುವುದೂ ನೆರವಾಗುತ್ತದೆ.

ಈ ಡೈಗೆ ಮಿತಿಯೂ ಇದೆ. ಮದ್ದು ಕುತ್ತಿಗೆಯವರೆಗೆ ತುಂಬಿ ಗುಂಡಿನ ಬುಡವೇ ಅದನ್ನು ಅದುಮಬೇಕಾಗುವಂಥ ತೋಟಾಗಳಿಗೆ ಇದು ತಕ್ಕದ್ದಲ್ಲ. ಆ ಭಾರಕ್ಕೆ ಸ್ಟೆಮ್ಮಿನ ಬಾಯಿ ಕೆಡಬಹುದು. ಬೆಲೆಯೂ ಸಾಧಾರಣ ಡೈಗಿಂತ ಸಾಕಷ್ಟು ಹೆಚ್ಚು. ಗುಂಡಿನ ಮಾದರಿ ಬದಲಿಸಿದಾಗಲೆಲ್ಲ ಹಳೆಯ ಗೆರೆಯನ್ನು ನಂಬದೆ, ಮದ್ದೂ ಪ್ರೈಮರೂ ಇಲ್ಲದ ಖಾಲಿ ತೋಟಾ ಒಂದನ್ನು ಮಾಡಿ ಅಳೆದು, ಆಮೇಲೆ ಮುಂದುವರಿಯಬೇಕು. ಮದ್ದಿನ ಪ್ರಮಾಣಕ್ಕಂತೂ ಪ್ರಕಟಿತ ಕೈಪಿಡಿಯ ಆರಂಭದ ಅಂಕಿಯೇ ಆಧಾರವಾಗಬೇಕು.

ಜಿಂಕೆ ಬೇಟೆಗೆ ವರ್ಷಕ್ಕೊಂದು ಡಬ್ಬಿ ತೋಟಾ ಮಾಡಿಕೊಳ್ಳುವವರಿಗೆ ಇದರ ಅಗತ್ಯ ನನಗೆ ಕಾಣದು. ದೂರದ ಗುರಿಗೆ ಹೊಡೆಯುವವರು ಕೊಳ್ಳಬಹುದು, ಆದರೆ ಕಂಪ್ಯಾರೇಟರ್ ಇನ್ನೂ ಇಲ್ಲದಿದ್ದರೆ ಮೊದಲು ಅದನ್ನು ತರಿಸಿಕೊಂಡು, ಈಗಿರುವ ಡೈ ಎಷ್ಟು ತಪ್ಪುತ್ತಿದೆಯೆಂದು ಒಂದು ತಿಂಗಳು ಅಳೆದು ನೋಡಿ.