ಹೂಗಳ ಕಣಿವೆ ಯಾವ ಮಳೆಗೆ ಚೆಂದ? ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯಿಂದ ಹೋಗುವವರಿಗೆ

ಉತ್ತರಾಖಂಡದ ಹೂಗಳ ಕಣಿವೆ ರಾಷ್ಟ್ರೀಯ ಉದ್ಯಾನದ ಬಾಗಿಲು ಜೂನ್ 1ಕ್ಕೆ ತೆರೆದು ಅಕ್ಟೋಬರ್ 31ಕ್ಕೆ ಮುಚ್ಚುತ್ತದೆ. ನಮ್ಮ ಭಾಗದವರು ಎಡವುವುದು ಇಲ್ಲೇ. ಬಳ್ಳಾರಿಯಲ್ಲಿ ಬಿಸಿಲು 42 ಡಿಗ್ರಿ ಮುಟ್ಟುವ ಮೇ ತಿಂಗಳಲ್ಲಿ, ಮಕ್ಕಳಿಗೆ ಸೂಟಿ ಇದೆಯೆಂದು ಹಿಮಾಲಯಕ್ಕೆ ಟಿಕೆಟ್ ತೆಗೆಸುತ್ತಾರೆ. ಆಗ ಕಣಿವೆ ಹಿಮದಡಿ ಇರುತ್ತದೆ, ಒಳಗೆ ಬಿಡುವುದಿಲ್ಲ. ದಸರಾ ರಜೆಗೆ ಹೋದರೆ ಹೂ ಮುಗಿದು ಬೀಜ ಉದುರಿರುತ್ತದೆ. ಶಾಲೆಯ ರಜೆಗೂ ಈ ಕಣಿವೆಗೂ ತಾಳೆಯಾಗುವುದೇ ಇಲ್ಲ. ನಮ್ಮ ಹೊಲದ ಲೆಕ್ಕ ಮಾತ್ರ ಚೆನ್ನಾಗಿ ಹೊಂದುತ್ತದೆ: ಮಿರಗದಿಂದ ಚಿತ್ತಿಯವರೆಗೆ, ಮಳೆ ನಕ್ಷತ್ರ ಬದಲಾದಂತೆ ಕಣಿವೆಯ ಬಣ್ಣವೂ ಬದಲಾಗುತ್ತದೆ. ಹಾಗಾಗಿ ಇಲ್ಲಿ ಆ ಲೆಕ್ಕದಲ್ಲೇ ಹೇಳಿದ್ದೇವೆ.

ಜಾಗದ ಪರಿಚಯ ಚುಟುಕಾಗಿ. ಚಮೋಲಿ ಜಿಲ್ಲೆ, ವಿಸ್ತೀರ್ಣ 87.5 ಚದರ ಕಿಲೋಮೀಟರ್. 1931ರಲ್ಲಿ ಕಾಮೆಟ್ ಶಿಖರ ಹತ್ತಿ ಮರಳುತ್ತಿದ್ದ ಫ್ರಾಂಕ್ ಸ್ಮೈಥ್ ತಂಡ ಈ ಕಣಿವೆಗೆ ಇಳಿದ ಮೇಲೆ ಹೊರಜಗತ್ತಿಗೆ ಇದರ ಹೆಸರು ತಿಳಿಯಿತು. 1982ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 2005ರಲ್ಲಿ ನಂದಾದೇವಿ ಉದ್ಯಾನದ ಜೊತೆ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನಡುವೆ ಪುಷ್ಪಾವತಿ ನದಿ, ಎರಡೂ ಬದಿಗೆ ಮರದ ಗಡಿ ದಾಟಿದ ಎತ್ತರದ ಹುಲ್ಲುಗಾವಲು. ಅಲ್ಲಿಯವರು ಅದನ್ನು ಬುಗ್ಯಾಲ್ ಅನ್ನುತ್ತಾರೆ.

ಮಿರಗ, ಆರಿದ್ರಾ (ಜೂನ್). ಬಾಗಿಲು ತೆರೆದ ಮೊದಲ ಮೂರು ವಾರ ಹೂಗಳಿಗಿಂತ ಹಿಮವೇ ಹೆಚ್ಚು. ಹಳ್ಳಗಳ ಮೇಲೆ ಗಟ್ಟಿಹಿಮದ ಸೇತುವೆಗಳು ಉಳಿದಿರುತ್ತವೆ, ದಾರಿ ಅವುಗಳ ಮೇಲೆ ಹಾಯುತ್ತದೆ. ಮೇಲಿಂದ ಗಟ್ಟಿ ಕಂಡರೂ ಅಡಿಯಲ್ಲಿ ನೀರು ಹರಿದು ಟೊಳ್ಳಾಗಿರುತ್ತದೆ. ಅಂಚು ತೆಳ್ಳಗಿದ್ದು ಕುಸಿಯುವುದು ಅಲ್ಲೇ. ಫೋಟೊಕ್ಕೆಂದು ಅಂಚಿಗೆ ಹೋಗಬೇಡಿ, ಹೆಜ್ಜೆ ಗುರುತಿರುವ ನಡುಭಾಗದಲ್ಲೇ ದಾಟಿ. ಹಿಮ ಕರಗಿದ ಕಡೆ ಪ್ರಿಮ್ಯುಲಾ, ಜೌಗಿನಲ್ಲಿ ಹಳದಿ ಕ್ಯಾಲ್ತಾ, ಬಂಡೆ ಸಂದಿಯಲ್ಲಿ ಪಾಷಾಣಭೇದ, ಕಾಡಿನ ನೆರಳಲ್ಲಿ ಹಾವಿನ ಹೆಡೆಯಂಥ ಅರಿಸಿಮಾ ಅರಳುತ್ತವೆ. ಈ ಅರಿಸಿಮಾ ನಮ್ಮ ಸುವರ್ಣಗೆಡ್ಡೆಯ ಕುಟುಂಬದ್ದೇ. ಹಿಮ ನೋಡಬೇಕು, ಜನ ಕಡಿಮೆ ಇರಬೇಕು ಅನ್ನುವವರಿಗೆ ಜೂನ್ ಸರಿ. ಹೂವಿನ ಹಾಸು ನೋಡಲು ಬಂದವರಿಗೆ ನಿರಾಶೆ ಖಂಡಿತ. ಇನ್ನೊಂದು ವಿಷಯ: ಜೂನ್‌ನಲ್ಲಿ ಬದರಿನಾಥ ಮತ್ತು ಹೇಮಕುಂಡ (ಕಣಿವೆಯ ಪಕ್ಕದ ಬೆಟ್ಟದ ಮೇಲೆ, ಸರೋವರದ ದಡದಲ್ಲಿರುವ ಸಿಖ್ಖರ ಗುರುದ್ವಾರ) ಯಾತ್ರೆಯ ದಟ್ಟಣೆ ಇರುವುದರಿಂದ ಋಷಿಕೇಶದಿಂದ ಮೇಲೆ ರಸ್ತೆಯಲ್ಲೂ ಕೊಠಡಿಗಳಲ್ಲೂ ಇಕ್ಕಟ್ಟು.

ಪುನರ್ವಸು, ಪುಷ್ಯ, ಆಶ್ಲೇಷ (ಜುಲೈ ಮೊದಲ ವಾರದಿಂದ ಆಗಸ್ಟ್ ಮಧ್ಯ). ಕಣಿವೆಯ ನಿಜವಾದ ಹಂಗಾಮು ಇದು. ಐದುನೂರಕ್ಕೂ ಹೆಚ್ಚು ಬಗೆಯ ಹೂಗಿಡಗಳಲ್ಲಿ ಬಹುಪಾಲು ಈ ಐದಾರು ವಾರದಲ್ಲೇ ಅರಳಿ ಮುಗಿಸುತ್ತವೆ. ಕಾರಣ ಸರಳ. ಹಿಮ ಕರಗಿದ್ದು ಜೂನ್‌ನಲ್ಲಿ, ಅಕ್ಟೋಬರ್‌ಗೆ ಮತ್ತೆ ಹೆಪ್ಪುಗಟ್ಟುವ ಚಳಿ. ಮೊಳೆತು, ಹೂಬಿಟ್ಟು, ಬೀಜ ಕಟ್ಟಲು ಅವಕ್ಕೆ ಸಿಗುವುದು ನಾಲ್ಕೇ ತಿಂಗಳು. ನಮ್ಮ ಮುಂಗಾರಿನ ಹೆಸರುಕಾಳಿನಂತೆ ಅವಸರದ ಬೆಳೆ. ಪುನರ್ವಸುವಿನಲ್ಲಿ ಕೆಂಪು ಪೊಟೆಂಟಿಲ್ಲಾ, ಬಿಳಿ ಎನಿಮೋನ್, ನೇರಳೆ ಜೆರೇನಿಯಂ. ಹಿಮಾಲಯದ ನೀಲಿ ಗಸಗಸೆ ಹುಡುಕುವವರು ಈ ಹೊತ್ತಿಗೇ ಹೋಗಬೇಕು. ಅದು ಹಾಸಾಗಿ ಬೆಳೆಯುವುದಿಲ್ಲ, ಬಂಡೆಗಳ ಮಧ್ಯೆ ಒಂದೊಂದಾಗಿ ನಿಂತಿರುತ್ತದೆ, ಕಾಂಡದ ತುಂಬ ಮುಳ್ಳು. ಮಳೆ ಹನಿಗೆ ಅದರ ಎಸಳು ಬೇಗ ಉದುರುವುದರಿಂದ ಬೆಳಿಗ್ಗೆಯೇ ನೋಡಿದರೆ ಒಳ್ಳೆಯದು. ನದಿಯ ಮರಳು, ಕಲ್ಲುಗಳ ಮೇಲೆ ಗುಲಾಬಿ ಎಪಿಲೋಬಿಯಂ ಹಾಸಿರುತ್ತದೆ.

ಆಶ್ಲೇಷದ ಹೊತ್ತಿಗೆ ಆಳೆತ್ತರದ ಗುಲಾಬಿ ಬಾಲ್ಸಂ ಇಡೀ ಇಳಿಜಾರು ತುಂಬುತ್ತದೆ. ನಮ್ಮ ಅಂಗಳದ ಕರ್ಣಕುಂಡಲದ್ದೇ ಜಾತಿ. ಅದರಂತೆಯೇ ಬಲಿತ ಕಾಯಿ ಮುಟ್ಟಿದರೆ ಸಿಡಿದು ಬೀಜ ಹಾರುತ್ತದೆ. ಕಡುನೀಲಿ ಟೋಪಿಯಂಥ ಹೂವೂ ಕಾಣುತ್ತದೆ: ವತ್ಸನಾಭಿ. ವಿಷದ ಗಿಡ, ಮಕ್ಕಳು ಕೀಳದಂತೆ ನೋಡಿಕೊಳ್ಳಿ. ಹೂ ಕೀಳುವುದು ಹೇಗೂ ಅಪರಾಧ. ಗುಂಪಾಗಿ ಬಿಳಿ ಹೂ ಬಿಟ್ಟು ಹಬ್ಬಿದ ಎತ್ತರದ ಗಿಡ ಕಂಡರೆ ಅದು ಪಾಲಿಗೋನಂ. ನೋಡಲು ಚೆಂದವಿದ್ದರೂ ಉಳಿದ ಸಣ್ಣ ಗಿಡಗಳನ್ನು ನೆರಳಲ್ಲಿ ಮುಚ್ಚಿ ಕೊಲ್ಲುತ್ತದೆ, ಅರಣ್ಯ ಇಲಾಖೆ ಅದನ್ನು ಕೀಳಿಸುತ್ತಲೇ ಇರುತ್ತದೆ. 1983ರಿಂದ ಕುರಿ, ಮೇಕೆ ಮೇಯಿಸುವುದು ನಿಂತದ್ದೇ ಅದು ಹೆಚ್ಚಲು ಕಾರಣವೆಂಬ ವಾದವೂ ಇದೆ. ಕುರಿಗಾಹಿಗಳ ನಾಡಾದ ನಮಗೆ ಆ ವಾದ ಅರ್ಥವಾಗದ್ದಲ್ಲ.

ಈ ಹಂಗಾಮಿನ ಬೆಲೆ ಮಳೆ. ದಿನವಿಡೀ ಜಿಟಿಜಿಟಿ, ಹತ್ತು ಗಂಟೆಯ ನಂತರ ಮಂಜು ಇಳಿದು ಎದುರಿನ ಬೆಟ್ಟವೇ ಕಾಣದಿರಬಹುದು. ಅದಕ್ಕಿಂತ ದೊಡ್ಡ ತೊಂದರೆ ರಸ್ತೆಯದು. ಋಷಿಕೇಶದಿಂದ, ಹೆದ್ದಾರಿ ಬಿಟ್ಟು ಕಣಿವೆಯ ಕಡೆ ತಿರುಗುವ ಊರಾದ ಗೋವಿಂದಘಾಟ್‌ವರೆಗಿನ ಸುಮಾರು 270 ಕಿಲೋಮೀಟರ್‌ನಲ್ಲಿ ಎಲ್ಲಿ ಬೇಕಾದರೂ ಗುಡ್ಡ ಜರಿಯಬಹುದು. ಪೀಪಲ್‌ಕೋಟಿ–ಜೋಶಿಮಠ ನಡುವಿನ ಪಾಗಲ್ ನಾಲಾ ಅದಕ್ಕೆ ಕುಖ್ಯಾತ. ಕೆಲವು ಸಲ ಎರಡು ತಾಸಿಗೆ ತೆರವಾಗುತ್ತದೆ, ಕೆಲವು ಸಲ ಎರಡು ದಿನ. ಹೋಗುವಾಗ ಒಂದು, ಬರುವಾಗ ಒಂದು ದಿನ ಖಾಲಿ ಇಟ್ಟುಕೊಳ್ಳದೆ ಆಗಸ್ಟ್‌ನಲ್ಲಿ ಹೊರಡಲೇಬೇಡಿ.

ಮಘಿ, ಹುಬ್ಬಿ (ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಎರಡನೇ ವಾರ). ನಮ್ಮ ಕಡೆಯ ಮೊದಲ ಸಲದವರಿಗೆ ನಾವು ಹೇಳುವುದು ಈ ಸಮಯ. ಹೂ ಶೇಕಡಾ ನೂರು ಇರುವುದಿಲ್ಲ, ಬಾಲ್ಸಂ ಮಾಸುತ್ತಿರುತ್ತದೆ. ಆದರೆ ಮಳೆ ನಡುನಡುವೆ ಬಿಡುವು ಕೊಡುತ್ತದೆ, ಬೆಳಗಿನಲ್ಲಿ ಶಿಖರಗಳು ಕಾಣುತ್ತವೆ, ದಾರಿ ಅಷ್ಟು ಜಾರುವುದಿಲ್ಲ. ಬ್ರಹ್ಮಕಮಲ ನೋಡಲೂ ಇದೇ ತಕ್ಕ ಕಾಲ. ಅದು ಕಣಿವೆಯ ತಳದಲ್ಲಿಲ್ಲ, ಹೇಮಕುಂಡದ ದಾರಿಯಲ್ಲಿ, ಸುಮಾರು 4,000 ಮೀಟರ್ ಎತ್ತರದ ಬಂಡೆಗಳ ನಡುವೆ ಇರುತ್ತದೆ. ನಮ್ಮ ಮನೆಗಳಲ್ಲಿ ರಾತ್ರಿ ಅರಳಿ ಬೆಳಗಾಗುವುದರೊಳಗೆ ಬಾಡುವ, ನೆರೆಹೊರೆಯವರನ್ನೆಲ್ಲ ಕರೆದು ತೋರಿಸುವ ‘ಬ್ರಹ್ಮಕಮಲ’ ಇದಲ್ಲ. ಅದು ಮೆಕ್ಸಿಕೊ ಕಡೆಯ ಕಳ್ಳಿ ಜಾತಿ. ಉತ್ತರಾಖಂಡದ ರಾಜ್ಯಪುಷ್ಪವಾದ ನಿಜವಾದ ಬ್ರಹ್ಮಕಮಲ ಸೂರ್ಯಕಾಂತಿ ಕುಟುಂಬಕ್ಕೆ ಸೇರಿದ್ದು. ಕಾಗದದಂಥ ತಿಳಿಹಸಿರು ಪೊರೆಗಳ ಒಳಗೆ ನೇರಳೆ ಹೂಗೊಂಚಲು ಬೆಚ್ಚಗೆ ಕೂತಿರುತ್ತದೆ.

ಉತ್ತರಿ ಮಳೆಯಿಂದ ಚಿತ್ತಿಯವರೆಗೆ ಕಣಿವೆ ಹಳದಿ, ಕಂದು, ಕೆಂಪಿಗೆ ತಿರುಗುತ್ತದೆ. ಆಕಾಶ ತೊಳೆದಿಟ್ಟಂತೆ. ಫೋಟೊ ತೆಗೆಯುವವರಿಗೆ, ಬೆಟ್ಟ ನೋಡುವವರಿಗೆ ಸೊಗಸು. ಆದರೆ ಅಕ್ಟೋಬರ್ ಎರಡನೇ ವಾರದ ಸುಮಾರಿಗೆ ಹೇಮಕುಂಡ ಗುರುದ್ವಾರ ಮುಚ್ಚುತ್ತದೆ. ಅದರ ಬೆನ್ನಿಗೇ, ಕಣಿವೆಗೂ ಹೇಮಕುಂಡಕ್ಕೂ ಹೋಗುವವರು ತಂಗುವ ಘಾಂಗರಿಯಾದ ಹೋಟೆಲು, ಅಂಗಡಿಗಳೂ ಒಂದೊಂದಾಗಿ ಮುಚ್ಚಿ ಜನ ಕೆಳಗಿಳಿಯುತ್ತಾರೆ. ಉದ್ಯಾನ 31ರವರೆಗೆ ತೆರೆದಿದೆ ಎಂದು ನಂಬಿ ಹೋದವರಿಗೆ ಊಟ, ಹಾಸಿಗೆ ಸಿಗದಿರಬಹುದು. ಮೊದಲೇ ಫೋನಿನಲ್ಲಿ ಖಚಿತ ಮಾಡಿಕೊಂಡೇ ಹೊರಡಿ. ನವೆಂಬರ್‌ನಿಂದ ಮೇವರೆಗೆ ಯಾರಿಗೂ ಪ್ರವೇಶವಿಲ್ಲ.

ಇನ್ನು ಅಲ್ಲಿನ ವ್ಯವಸ್ಥೆ ಹೇಗಿದೆ ಎಂಬ ಮಾತು. ಗೋವಿಂದಘಾಟ್‌ನಿಂದ ಪುಲ್ನಾವರೆಗೆ ನಾಲ್ಕು ಕಿಲೋಮೀಟರ್ ಜೀಪು ಸಿಗುತ್ತದೆ. ಅಲ್ಲಿಂದ ಘಾಂಗರಿಯಾಕ್ಕೆ ಒಂಬತ್ತು-ಹತ್ತು ಕಿಲೋಮೀಟರ್ ಕಲ್ಲು ಹಾಸಿದ ದಾರಿ, ಏರು ಸುಮಾರು 950 ಮೀಟರ್. ಐದರಿಂದ ಏಳು ತಾಸು ಹಿಡಿಯಿರಿ. ದಾರಿಯುದ್ದಕ್ಕೂ ಚಹಾ, ಮ್ಯಾಗಿ ಅಂಗಡಿಗಳಿವೆ, ಉಪವಾಸ ಬೀಳುವ ಭಯವಿಲ್ಲ. ಹೇಸರಗತ್ತೆಗಳು ಸಿಗುತ್ತವೆ, ಅವು ಎದುರಾದಾಗ ಬೆಟ್ಟದ ಗೋಡೆಯ ಕಡೆ ಒತ್ತಿ ನಿಲ್ಲಿ, ಕಮರಿಯ ಕಡೆ ನಿಂತರೆ ಮೂಟೆ ತಾಗಿ ಬೀಳುತ್ತೀರಿ. ಹೆಲಿಕಾಪ್ಟರ್ ಇದೆ, ಆದರೆ ಮಂಜು ಬಂದರೆ ಹಾರುವುದಿಲ್ಲ. ಹಾಗಾಗಿ ಮಳೆಗಾಲದಲ್ಲಿ ಅದನ್ನೇ ನಂಬಿ ವಯಸ್ಸಾದವರನ್ನು ಕರೆದೊಯ್ಯುವುದು ಸರಿಯಲ್ಲ. ಘಾಂಗರಿಯಾದ ಗುರುದ್ವಾರದಲ್ಲಿ ಊಟ, ವಸತಿ ಉಚಿತ, ಶ್ರದ್ಧೆಯಿಂದ ನಡೆಸುತ್ತಾರೆ. ಹೋಟೆಲು ಕೊಠಡಿಗಳು ಇಕ್ಕಟ್ಟು, ತೇವ. ಕರೆಂಟು ಬಂದು ಹೋಗುತ್ತದೆ. ಬಿಸಿನೀರು ಬಕೆಟ್ ಲೆಕ್ಕದಲ್ಲಿ. ಹಾಸಿಗೆ ಒಣಗಿದೆಯೇ ಎಂದು ಕೈಯಿಟ್ಟು ನೋಡಿಯೇ ಕೊಠಡಿ ಹಿಡಿಯಿರಿ. ನಗದು ಜೋಶಿಮಠದಲ್ಲೇ ತೆಗೆದಿಟ್ಟುಕೊಳ್ಳಿ.

ಉದ್ಯಾನದ ಟಿಕೆಟ್ ಘಾಂಗರಿಯಾದಿಂದ ಸ್ವಲ್ಪ ಮುಂದಿನ ಅರಣ್ಯ ಚೌಕಿಯಲ್ಲಿ ಸಿಗುತ್ತದೆ, ಗುರುತಿನ ಚೀಟಿ ಬೇಕು. ಒಳಗೆ ರಾತ್ರಿ ಉಳಿಯುವಂತಿಲ್ಲ, ಸಂಜೆ ಐದರೊಳಗೆ ಹೊರಬರಬೇಕು. ಹೇಸರಗತ್ತೆಗೆ ಒಳಗೆ ಬಿಡುವುದಿಲ್ಲ. ನಡೆಯಲಾಗದವರನ್ನು ಬೆನ್ನಿನ ಬುಟ್ಟಿಯಲ್ಲಿ ಹೊತ್ತೊಯ್ಯುವವರು ಇದ್ದಾರೆ. ಒಳಗೆ ಅಂಗಡಿಯೂ ಇಲ್ಲ, ಶೌಚಾಲಯವೂ ಇಲ್ಲ. ಹೆಂಗಸರಿಗೆ ಇದು ದೊಡ್ಡ ಕಷ್ಟ. ಇಷ್ಟು ಜನ ಬರುವ ಜಾಗದಲ್ಲಿ ಚೌಕಿಯ ಬಳಿಯಾದರೂ ಶುಚಿಯಾದ ವ್ಯವಸ್ಥೆ ಇರಲೇಬೇಕು. ಇನ್ನೊಂದು ಸಾಮಾನ್ಯ ತಪ್ಪು: ಚೌಕಿ ದಾಟಿದ ಮೇಲೆ ಪುಷ್ಪಾವತಿಯ ಸೇತುವೆ, ಆಮೇಲೆ ಭೂರ್ಜ ಮರಗಳ ನಡುವೆ ಕಡಿದಾದ ಏರು. ಅಲ್ಲಿಗೇ ಸುಸ್ತಾಗಿ, ಕಣಿವೆ ಬಾಯ್ತೆರೆಯುವ ಮೊದಲ ಬಯಲಲ್ಲೇ ಬುತ್ತಿ ಬಿಚ್ಚಿ ಹಿಂದಿರುಗುವವರೇ ಬಹಳ. ಒಳ್ಳೆಯ ಭಾಗ ಇರುವುದು ಮುಂದೆ, ನದಿಯ ಕಡೆಗೆ ಇಳಿಯುವ ದಾರಿಯಲ್ಲಿ, 1939ರಲ್ಲಿ ಗಿಡ ಸಂಗ್ರಹಿಸಲು ಬಂದು ಜಾರಿಬಿದ್ದು ತೀರಿಕೊಂಡ ಜೋನ್ ಮಾರ್ಗರೆಟ್ ಲೆಗ್ ಅವರ ಸಮಾಧಿಯ ಸುತ್ತಮುತ್ತ. ಬೆಳಿಗ್ಗೆ ಏಳಕ್ಕೆ ಒಳಹೊಕ್ಕರೆ ಮಾತ್ರ ಅಲ್ಲಿ ನಿಧಾನವಾಗಿ ಕೂತು ನೋಡಿ ಹೊತ್ತಿಗೆ ಸರಿಯಾಗಿ ಮರಳಬಹುದು. ಒಂದೇ ದಿನ ಸಾಲದು. ಮೊದಲ ದಿನ ಮಂಜು ಕವಿದರೆ ಎರಡನೆಯ ದಿನ ಕೈ ಹಿಡಿಯುತ್ತದೆ.

ಹೇಮಕುಂಡಕ್ಕೆ ಘಾಂಗರಿಯಾದಿಂದ ಆರೇ ಕಿಲೋಮೀಟರ್, ಆದರೆ ಏರು 1,200 ಮೀಟರ್ ಮೀರುತ್ತದೆ, ಸರೋವರ ಇರುವುದು 4,300 ಮೀಟರ್ ದಾಟಿದ ಎತ್ತರದಲ್ಲಿ. ಕಣಿವೆಯನ್ನು ಮೊದಲು ಮುಗಿಸಿ, ಮೈ ಎತ್ತರಕ್ಕೆ ಒಗ್ಗಿದ ಮೇಲೆ ಇದನ್ನು ಹತ್ತಿ. ಅನೇಕ ಪ್ರವಾಸ ಏಜೆಂಟರು ತಿರುವುಮುರುವು ಮಾಡಿಸುತ್ತಾರೆ, ತಲೆಶೂಲೆ ಬರುವುದು ಆಗಲೇ. ಬಳ್ಳಾರಿ ಸಮುದ್ರಮಟ್ಟದಿಂದ ಐನೂರು ಮೀಟರ್ ಒಳಗೇ ಇದೆ. ಘಾಂಗರಿಯಾದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಶೇಕಡಾ 70. ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಕಂಡರೆ ಅಂದು ಮೇಲೆ ಹತ್ತಬೇಡಿ. ತೂರಾಡುವಂತಾದರೆ, ಕೂತಲ್ಲೇ ಏದುಸಿರು ಬಂದರೆ ರಾತ್ರಿಯಾದರೂ ಕೆಳಗಿಳಿಸಲೇಬೇಕು. ಬಿಪಿ, ಸಕ್ಕರೆ, ಎದೆಯ ತೊಂದರೆ ಇದ್ದವರು ಹೊರಡುವ ಮುಂಚೆಯೇ ಡಾಕ್ಟರನ್ನು ಕೇಳಿ.

ತಯಾರಿಗೆ ದೂರ ಹೋಗಬೇಕಿಲ್ಲ. ಆನೆಗೊಂದಿಯ ಅಂಜನಾದ್ರಿಗೆ 575 ಮೆಟ್ಟಿಲು. ಬೆಳಕು ಹರಿಯುವ ಮುನ್ನ, ಆರು ಕಿಲೋ ಚೀಲ ಹೊತ್ತು, ಬಿಡದೆ ನಾಲ್ಕು ಸಲ ಹತ್ತಿಳಿದರೆ ಕಣಿವೆಯ ಏರಿಗೆ ಹತ್ತಿರ ಹತ್ತಿರ ಸಮ. ಆರು ವಾರ, ವಾರಕ್ಕೆ ಮೂರು ದಿನ. ಸಂಡೂರಿನ ಗುಡ್ಡಗಳಲ್ಲಿ ಮಳೆಯಲ್ಲಿ ಒಂದು ದಿನ ನಡೆದರೆ ರೇನ್‌ಕೋಟು, ಬೂಟಿನ ಪರೀಕ್ಷೆಯೂ ಆಗುತ್ತದೆ. ಅಟ್ಟದ ಮೇಲೆ ಎರಡು ಬೇಸಿಗೆ ಕಳೆದ ಹಳೆಯ ಬೂಟು ಬೇಡ. ನಮ್ಮ ಸೆಕೆಗೆ ಅಂಟು ಸತ್ತಿರುತ್ತದೆ, ನೀರು ತಾಗಿದ ಮೊದಲ ದಿನವೇ ಅಟ್ಟೆ ಕಿತ್ತು ಬರುತ್ತದೆ. ಬಳ್ಳಾರಿ ಜೀನ್ಸ್ ನಮ್ಮ ಊರಿನ ಹೆಮ್ಮೆ, ಆದರೆ ಈ ದಾರಿಗೆ ಅದು ಒಗ್ಗದು. ನೆನೆದ ಜೀನ್ಸ್ ಭಾರ, ಅಲ್ಲಿ ಮೂರು ದಿನಕ್ಕೂ ಒಣಗದು, ಚಳಿಯನ್ನು ಮೈಗೇ ಅಂಟಿಸಿಕೊಂಡಿರುತ್ತದೆ. ಬೇಗ ಒಣಗುವ ಟ್ರ್ಯಾಕ್ ಪ್ಯಾಂಟ್ ಎರಡು, ಉಣ್ಣೆಯ ಒಂದು ಸ್ವೆಟರ್, ಮೊಣಕಾಲು ಮುಚ್ಚುವ ಪೋಂಚೊ, ಒಣ ಕಾಲುಚೀಲ ನಾಲ್ಕು ಜೊತೆ ಸಾಕು. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಒಯ್ಯಿರಿ. ರೊಟ್ಟಿಯನ್ನು ಎರಡು ಪದರ ಪ್ಲಾಸ್ಟಿಕ್‌ನಲ್ಲಿ ಬಿಗಿಯಾಗಿ ಕಟ್ಟದಿದ್ದರೆ ಅಲ್ಲಿನ ತೇವಕ್ಕೆ ಒಂದೇ ರಾತ್ರಿಯಲ್ಲಿ ಮೆತ್ತಗಾಗುತ್ತದೆ. ಆ ಪ್ಲಾಸ್ಟಿಕ್ಕನ್ನು ಹಿಂದೆ ತರಬೇಕು.

ಪ್ರಯಾಣಕ್ಕೆ ಕರ್ನಾಟಕ ಎಕ್ಸ್‌ಪ್ರೆಸ್ ಅನುಕೂಲ. ಬಳ್ಳಾರಿಯವರು ಗುಂತಕಲ್‌ನಲ್ಲಿ, ಉಳಿದವರು ರಾಯಚೂರಿನಲ್ಲಿ ಹತ್ತಬಹುದು. ರಾಯಚೂರಿನಿಂದ ದೆಹಲಿಗೆ ಸುಮಾರು ಮೂವತ್ತು ಗಂಟೆ, ಅಲ್ಲಿಂದ ಹರಿದ್ವಾರಕ್ಕೆ ಇನ್ನೊಂದು ರೈಲು, ಮರುದಿನ ನಸುಕಿನಲ್ಲಿ ಹೊರಟರೆ ಸಂಜೆಗೆ ಜೋಶಿಮಠ. ರಾತ್ರಿ ಗುಡ್ಡದ ರಸ್ತೆಯಲ್ಲಿ ವಾಹನ ಬಿಡದ ಕಾರಣ ತಡವಾಗಿ ಹೊರಟವರು ನಡುದಾರಿಯಲ್ಲೇ ಉಳಿಯಬೇಕಾಗುತ್ತದೆ. ಎರಡು ಖಾಲಿ ದಿನ ಸೇರಿ ಮನೆಯಿಂದ ಮನೆಗೆ ಹನ್ನೆರಡು ದಿನ. ಹೇಮಕುಂಡಕ್ಕೂ ಹೋಗುವುದಾದರೆ ಉತ್ತರಾಖಂಡದ ಯಾತ್ರಾ ನೋಂದಣಿಯನ್ನು ಊರಲ್ಲೇ ಮಾಡಿಕೊಂಡು ಕಾಗದ ಇಟ್ಟುಕೊಳ್ಳಿ. ರೈಲಿನ ಮುಂಗಡ ಬುಕಿಂಗ್ ತೆರೆಯುವುದು 60 ದಿನ ಮೊದಲು. ಅಂದರೆ ಆಶ್ಲೇಷ ಮಳೆಗೆ ಕಣಿವೆಯಲ್ಲಿ ನಿಂತಿರಬೇಕಾದರೆ, ಇಲ್ಲಿ ಮಿರಗ ಕೂಡುವ ಮೊದಲೇ ಟಿಕೆಟ್ ಕೈಯಲ್ಲಿರಬೇಕು.